ಮುದ್ದೆಗೊಂದು ಚಮಚ

ಸೋಮವಾರ ಮಧ್ಯಾಹ್ನ ಒಂದೂವರೆಗೆ ಕಾನ್‌ಸ್ಟೇಬಲ್ ಶಿವಕುಮಾರ ರಸ್ತೆ ದಾಟಿ ಮಹದೇವಮ್ಮನ ಮೆಸ್ಸಿಗೆ ಬಂದು, ಲಾಕಪ್ಪಿಗೆ ಒಂದು ಊಟ ಎಂದ. ಅವಳು ಸ್ಟೀಲ್ ಡಬ್ಬಿಗೆ ಎರಡು ಮುದ್ದೆ ಇಟ್ಟು, ಪಕ್ಕದ ಗಿಂಡಿಗೆ ಸೊಪ್ಪಿನ ಸಾರು ಹುಯ್ದು ಕೊಟ್ಟಳು. ಚೀಲ ಹಿಡಿದು ಹೊರಟವನು ಬಾಗಿಲ ಹತ್ತಿರ ನಿಂತು ತಲೆ ಕೆರೆದುಕೊಂಡ. ಆಮೇಲೆ ಅವಳ ಮುಖ ನೋಡದೆ, ಗೋಡೆಯ ಕ್ಯಾಲೆಂಡರ್ ನೋಡುತ್ತ ಬಾಯಿಬಿಟ್ಟ.

"ಅಕ್ಕ, ಒಂದು ಚಮಚ ಇದ್ರೆ ಕೊಡಿ."

ಮಜ್ಜಿಗೆಗೆ ಉಪ್ಪು ಹಾಕುವ ಚಮಚವನ್ನೇ ತೊಳೆದು ಕೊಟ್ಟಳು. ಊಟದ ಹೊತ್ತು, ಒಳಗೆ ಹನ್ನೆರಡು ಜನ ಕೂತಿದ್ದರು, ಇನ್ನೊಂದು ಮುದ್ದೆ ಇನ್ನೊಂದು ಮುದ್ದೆ ಎಂಬ ಗಲಾಟೆ. ಶಿವಕುಮಾರ ರಸ್ತೆ ದಾಟಿ ಠಾಣೆಯ ಕಾಂಪೌಂಡಿನೊಳಗೆ ಹೋದ ಮೇಲೆಯೇ ಅವಳ ಕೈಯಲ್ಲಿದ್ದ ಸೌಟು ನಿಂತಿದ್ದು.

ಮುದ್ದೆಗೆ ಚಮಚ ಯಾಕೆ?

ಬಿದಿರುಕಟ್ಟೆಯಲ್ಲಿ ಮೆಸ್ಸು ಹಾಕಿ ಹನ್ನೊಂದು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಮುದ್ದೆಗೆ ಚಮಚ ಕೇಳಿದವರು ಇಬ್ಬರೇ. ಒಬ್ಬರು ಉತ್ತರ ಭಾರತದ ಯಾವುದೋ ಸರ್ವೆಯವರು. ಇನ್ನೊಬ್ಬರು ಮಂಗಳೂರು ಕಡೆಯ ಬ್ಯಾಂಕ್ ಮೇನೇಜರು. ಇಬ್ಬರನ್ನೂ ಊರು ವಾರಗಟ್ಟಲೆ ಆಡಿಕೊಂಡು ನಕ್ಕಿತ್ತು. ಹುಣಸೂರು, ಪಿರಿಯಾಪಟ್ಟಣ, ಕೋಟೆ, ಕೆ.ಆರ್. ನಗರದ ನೆಲದಲ್ಲಿ ಹುಟ್ಟಿದವನು ಐದು ಬೆರಳಲ್ಲಿ ಮುದ್ದೆ ಮುರಿದು, ಉಂಡೆ ಮಾಡಿ, ಸಾರಿಗೆ ಅದ್ದಿ ನುಂಗುತ್ತಾನೆ. ಕುಡಿದು ಕಣ್ಣು ಬಿಡಲಾಗದವನೂ ಹಾಗೇ ನುಂಗುತ್ತಾನೆ. ಬಲಗೈಗೆ ಗಾಯವಾದವನು ಎಡಗೈಯಲ್ಲಾದರೂ ಮುರಿಯುತ್ತಾನೆ. ಚಮಚ ಬೇಕೆಂದರೆ ಒಳಗಿರುವವನಿಗೆ ಎರಡು ಕೈಯೂ ಬರುತ್ತಿಲ್ಲ, ಬೇರೆ ಯಾರೋ ತಿನ್ನಿಸುತ್ತಿದ್ದಾರೆ, ಆ ತಿನ್ನಿಸುವವನಿಗೆ ಅವನ ಬಾಯಿಗೆ ಕೈಹಾಕಲು ಅಸಹ್ಯವೋ ಭಯವೋ ಆಗುತ್ತಿದೆ ಎಂದು ಅರ್ಥ. ಮಹದೇವಮ್ಮನಿಗೆ ಇಷ್ಟೂ ಒಂದೇ ಸಲಕ್ಕೆ ಹೊಳೆಯಿತು.

ಮೆಸ್ಸಿನ ಮುಂದೆ ಹೊಂಗೆಮರದ ಬುಡದಲ್ಲಿ ಕುಳ್ಳಮ್ಮ ಕೂತಿದ್ದಳು. ಶನಿವಾರ ಬೆಳಿಗ್ಗೆ ಕಾಡಂಚಿನ ಗಿರಿಜನರ ಹಾಡಿಯಿಂದ ನಡೆದು ಬಂದವಳು ಠಾಣೆಯ ಬಾಗಿಲಿಗೆ ಮುಖ ಮಾಡಿಕೊಂಡೇ ಕೂತಿದ್ದಳು. ಅವಳ ಮಗ ಚೆನ್ನ ಗಾವಡಗೆರೆ ಕಡೆ ಶುಂಠಿ ಹೊಲದಲ್ಲಿ ಕೂಲಿಗಿದ್ದ. ಅಲ್ಲಿ ಗುರುಮಲ್ಲಪ್ಪನೆಂಬ ದೊಡ್ಡ ಕುಳದ ಎರಡು ಪಂಪ್‌ಸೆಟ್ ಮೋಟರು ಕಳುವಾದವು. ದೊಡ್ಡವರ ಮೋಟರು ಕಳುವಾದರೆ ಯಾರನ್ನಾದರೂ ಹಿಡಿಯಲೇಬೇಕು, ಹಿಡಿಯುವುದಕ್ಕೆ ಹಾಡಿಯ ಹುಡುಗರಷ್ಟು ಸಲೀಸು ಇನ್ಯಾರೂ ಇಲ್ಲ. ಜೀಪು ಬಂದು ಚೆನ್ನನನ್ನು ಹತ್ತಿಸಿಕೊಂಡಿದ್ದನ್ನು ಹಾಡಿಯವರೆಲ್ಲ ನೋಡಿದ್ದರು. ಠಾಣೆಯಲ್ಲಿ ಮಾತ್ರ ಯಾವ ಚೆನ್ನನೂ ಇರಲಿಲ್ಲ. ನಾವು ಯಾರನ್ನೂ ತಂದಿಲ್ಲ, ಲಾಕಪ್ ಖಾಲಿ, ಬೇಕಾದರೆ ಬಂದು ನೋಡು ಎಂದು ದಫ್ತರ ಬರೆಯುವ ರೈಟರ್ ಹೇಳಿದ್ದ. ಬಂದು ನೋಡಲು ಎದ್ದರೆ ಪೇದೆಯೊಬ್ಬ ಲಾಠಿ ಅಡ್ಡ ಹಿಡಿದಿದ್ದ.

ಶನಿವಾರವೇ ಅವಳು ಮೆಸ್ಸಿನ ಬಾಗಿಲಿಗೆ ಬಂದು ನೀರು ಕೇಳಿದ್ದಳು. ಕುಡಿದು, ಒಳಗೆ ನನ್ನ ಮಗ ಅವನಾ ಅಕ್ಕ ಎಂದಿದ್ದಳು. ನಂಗೇನು ಗೊತ್ತು ಕಣವ್ವ ಎಂದಿದ್ದಳು ಮಹದೇವಮ್ಮ. ಹಾಗೆ ಹೇಳುವಾಗ ಅವಳ ಕೈಯಲ್ಲಿದ್ದದ್ದು ಲಾಕಪ್ಪಿನ ಊಟದ ಡಬ್ಬಿಯೇ.

ಮಹದೇವಮ್ಮ ಕೆಟ್ಟವಳಲ್ಲ. ಹಾಗಂತ ಊರಿಗೆಲ್ಲ ಒಳ್ಳೆಯವಳಾಗುವಷ್ಟು ಪುರಸೊತ್ತು ಇದ್ದವಳೂ ಅಲ್ಲ. ಸಾಲಿಗ್ರಾಮದಿಂದ ಮದುವೆಯಾಗಿ ಬಂದು, ಗಂಡನನ್ನು ಕಳೆದುಕೊಂಡು, ಠಾಣೆಯ ಎದುರಿಗೆ ಶೀಟಿನ ಮಾಡು ಹಾಕಿ, ರಾಗಿ ಮುದ್ದೆಯಿಂದ ಮಗಳನ್ನು ಡಿಗ್ರಿ ಓದಿಸಿದವಳು. ಠಾಣೆಯವರು ಅವಳಲ್ಲೇ ಉಣ್ಣುತ್ತಿದ್ದರು. ಲಾಕಪ್ಪಿನಲ್ಲಿ ಯಾರಾದರೂ ಇದ್ದರೆ ಅವರಿಗೂ ಅವಳಲ್ಲಿಂದಲೇ ಡಬ್ಬಿ. ದಫ್ತರದಲ್ಲಿ ಏನು ಬರೆದಿರುತ್ತದೋ ಅವಳಿಗೆ ತಿಳಿಯದು. ಒಳಗೆ ಎಷ್ಟು ಹೊಟ್ಟೆ ಹಸಿದಿವೆ ಎಂಬುದು ಮಾತ್ರ ಮೇಲಿನ ಸಾಹೇಬರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಖಾಲಿ ಲಾಕಪ್ಪಿಗೆ ಊಟ ಹೋಗಿದ್ದು ಇದೇ ಮೊದಲಲ್ಲ. ಹಿಂದೆಯೂ ಹೋಗಿತ್ತು, ಎರಡು ದಿನಕ್ಕೆ ನಿಂತಿತ್ತು, ಅವಳು ಕಂಡೂ ಕಾಣದವಳಂತೆ ಇದ್ದುಬಿಟ್ಟಿದ್ದಳು. ಈ ಸಲ ಶನಿವಾರ ಒಂದು, ಭಾನುವಾರ ಒಂದು, ಇವತ್ತು ಒಂದು, ಜೊತೆಗೆ ಚಮಚ.

ಸಂಜೆ ಐದಕ್ಕೆ ಸಬ್ ಇನ್ಸ್‌ಪೆಕ್ಟರ್ ನಂಜುಂಡಸ್ವಾಮಿ ಟೀಗೆ ಬಂದ. ಬಾಯಿ ತುಂಬ ಅಮ್ಮ, ಅಕ್ಕ ಎನ್ನುವ ಮನುಷ್ಯ. ಬೈದರೂ ನಗುತ್ತ ಬೈಯುವವನು, ಅದಕ್ಕೇ ಪೇದೆಗಳಿಗೆ ಅವನೆಂದರೆ ಹೆಚ್ಚು ನಡುಕ. ಮಹದೇವಮ್ಮ ಟೀ ಕೊಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಆ ಹಾಡಿಯ ಹೆಂಗಸು ಮೂರು ದಿನದಿಂದ ಅನ್ನ ಮುಟ್ಟದೆ ಕೂತಿದೆ ಸಾರ್ ಎಂದು ಹೇಗೋ ಹೇಳಿದಳು. ಅದಕ್ಕಿಂತ ಒಂದು ಮಾತು ಮುಂದೆ ಹೋಗಲು ಧೈರ್ಯ ಸಾಲಲಿಲ್ಲ. ಅವನು ಟೀ ಊದಿದ. ಮಗ ಕೊಡಗಿಗೆ ಕಾಫಿ ಕೊಯ್ಯಲು ಹೋಗಿರಬೇಕು, ಆ ಜನ ಹೇಳಿ ಹೋಗುವವರಲ್ಲ, ನೀವು ಅನ್ನ ನೀರು ಕೊಟ್ಟು ಅಭ್ಯಾಸ ಮಾಡಬೇಡಿ ಎಂದ. ಲೋಟ ಕೆಳಗಿಟ್ಟು, ಏನೋ ನೆನಪಾದವನ ಹಾಗೆ ತಿರುಗಿದ.

"ಮಾದೇವಮ್ಮ, ಪವಿತ್ರನ್ದು ವೆರಿಫಿಕೇಶನ್ ಪೇಪರ್ ಬಂದದೆ. ನನ್ ಟೇಬಲ್ ಮ್ಯಾಲೇ ಅದೆ. ಮನೆಯೋರು ಎಂಥ ಜನ ಅಂತ ನಾನು ಬರೀಬೇಕು. ಏನು ಬರೀಲಿ, ನೀವೇ ಹೇಳಿ."

ಪವಿತ್ರ ಅವಳ ಒಬ್ಬಳೇ ಮಗಳು. ಗ್ರಾಮ ಆಡಳಿತ ಅಧಿಕಾರಿಯ ಕೆಲಸಕ್ಕೆ ಆಯ್ಕೆಯಾಗಿದ್ದಳು. ಎರಡು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿ ಗಿಟ್ಟಿಸಿದ ಕೆಲಸ. ಇನ್ನು ಪೊಲೀಸರ ಒಂದು ಸಹಿ ಬಿದ್ದರೆ ಆರ್ಡರು ಕೈಗೆ. ಮಹದೇವಮ್ಮ ಹಲ್ಲು ಬಿಟ್ಟು, ಒಳ್ಳೆದೇ ಬರೀರಿ ಸಾರ್ ಎಂದಳು. ಆ ನಗು ನೆನೆಸಿಕೊಂಡರೆ ಆಮೇಲೆ ಅವಳಿಗೆ ತನ್ನ ಮುಖದ ಮೇಲೇ ಸಿಟ್ಟು ಬರುತ್ತಿತ್ತು.

ಮಂಗಳವಾರ ಶಿವಕುಮಾರ ಹನ್ನೊಂದು ಗಂಟೆಗೇ ಬಂದ. ಶೇವ್ ಮಾಡಿರಲಿಲ್ಲ, ಕಣ್ಣು ಕೆಂಪಗಿದ್ದವು. ಪಿರಿಯಾಪಟ್ಟಣದ ಕಡೆಯ ಹುಡುಗ, ಹೊಗೆಸೊಪ್ಪು ಬೆಳೆಯುವ ಮನೆಯವನು, ನಾಲ್ಕು ವರ್ಷದಿಂದ ಈ ಠಾಣೆಯಲ್ಲಿದ್ದ. ಇವತ್ತು ಮುದ್ದೆ ಬೇಡ, ಗಂಜಿ ಇದ್ದರೆ ಕೊಡಿ, ನೀರಾಗಿರಲಿ ಎಂದ.

ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ಅದನ್ನೂ ನುಂಗಲಾರದವನಿಗೆ ಗಂಜಿ. ಮಹದೇವಮ್ಮ ನುಚ್ಚಕ್ಕಿ ಒಲೆಗಿಟ್ಟು, ಅದು ಕುದಿಯುವವರೆಗೂ ಪಾತ್ರೆಯನ್ನೇ ನೋಡುತ್ತ ನಿಂತಳು. ಡಬ್ಬಿ ಅವನ ಕೈಗಿಟ್ಟು, ಬಿಡದೆ, ತಾನೂ ಒಂದು ಕಡೆ ಹಿಡಿದುಕೊಂಡು ಕೇಳಿದಳು.

"ಬದುಕವ್ನಾ ಶಿವು?"

"ಅಕ್ಕ, ನಂಗೂ ಎಲ್ಡು ಮಕ್ಳವೆ. ಬುಟ್ಬುಡಿ."

ಅವನು ಡಬ್ಬಿ ಎಳೆದುಕೊಂಡು ಹೋದ. ಮಹದೇವಮ್ಮ ಒಲೆ ಆರಿಸಿದಳು. ಆಗಲೇ ಅಳೆದಿಟ್ಟಿದ್ದ ಹಿಟ್ಟಿನ ಮೇಲೆ ತಟ್ಟೆ ಮುಚ್ಚಿ, ಮೆಸ್ಸಿನ ಬಾಗಿಲಿಗೆ ಬೀಗ ಹಾಕಿದಳು. ಮಗಳಿಗೆ ಡೆಂಗಿ ಬಂದಿದ್ದ ನಾಲ್ಕು ದಿನ ಬಿಟ್ಟರೆ ಊಟದ ಹೊತ್ತಿಗೆ ಆ ಬಾಗಿಲು ಹಾಕಿದ್ದಿಲ್ಲ. ಹೊಂಗೆಮರದ ಕೆಳಗೆ ಹೋಗಿ ಕುಳ್ಳಮ್ಮನ ರಟ್ಟೆ ಹಿಡಿದು ಎಬ್ಬಿಸಿದಳು. ಏಳವ್ವ, ಹುಣಸೂರಿಗೆ ಓಗವ, ನಿನ್ ಮಗ ಒಳ್ಗೇ ಅವ್ನೆ ಎಂದಳು. ಹೇಗೆ ಗೊತ್ತು, ಯಾವಾಗಿನಿಂದ ಗೊತ್ತು ಎಂದು ಕುಳ್ಳಮ್ಮ ಕೇಳಲಿಲ್ಲ. ಮೂರು ದಿನದಲ್ಲಿ ಮೊದಲ ಸಲ ಯಾರೋ ಮಗ ಇದ್ದಾನೆ ಎಂದಿದ್ದರು. ಅವಳಿಗೆ ಅಷ್ಟೇ ಸಾಕಾಗಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಹದೇವಮ್ಮನ ಸೆರಗಿನ ತುದಿ ಹಿಡಿದುಕೊಂಡೇ ಕೂತಿದ್ದಳು.

ಹುಣಸೂರಿನ ಕೋರ್ಟಿನ ಎದುರಿಗೆ ವಕೀಲೆ ಕಾವ್ಯಶ್ರೀಯ ಒಂದು ಚಿಕ್ಕ ಆಫೀಸಿತ್ತು. ಹೋದ ವರ್ಷ ಕಾನೂನು ನೆರವಿನ ಶಿಬಿರಕ್ಕೆ ಬಿದಿರುಕಟ್ಟೆಗೆ ಬಂದಾಗ ಮಹದೇವಮ್ಮನಲ್ಲಿ ಮೂರು ಮುದ್ದೆ ಉಂಡು, ಗೋಡೆಗೆ ತನ್ನ ನಂಬರಿನ ಚೀಟಿ ಅಂಟಿಸಿ ಹೋಗಿದ್ದಳು. ಎಲ್ಲ ಕೇಳಿಕೊಂಡು ಪೆನ್ನು ಕೆಳಗಿಟ್ಟಳು. ಹಿಡಿದವರನ್ನು ಇಪ್ಪತ್ನಾಲ್ಕು ಗಂಟೆಯೊಳಗೆ ಜಡ್ಜ್ ಮುಂದೆ ತರಬೇಕು, ತರದೆ ಇಟ್ಟುಕೊಂಡಿದ್ದಾರೆ ಎಂದು ತೋರಿಸಿದರೆ ಕೋರ್ಟು ಹುಡುಕಿಸುತ್ತದೆ ಎಂದಳು. ಆದರೆ ತಾಯಿ ಹೇಳುವುದು ಅನುಮಾನ, ಹಾಡಿಯವರ ಮಾತಿಗೆ ಜೀಪಿನ ನಂಬರಿಲ್ಲ, ಹೆಸರಿಲ್ಲ. ಒಳಗೆ ಒಬ್ಬ ಮನುಷ್ಯ ಇದ್ದಾನೆಂದು ಗೊತ್ತಿರುವವರು ಸಹಿ ಹಾಕಬೇಕು.

ನಾನು ಯಾರನ್ನೂ ಕಣ್ಣಲ್ಲಿ ಕಂಡಿಲ್ಲ ಕಣವ್ವ, ಊಟ ಕಳಿಸಿದ್ದೀನಿ ಅಷ್ಟೆ ಎಂದಳು ಮಹದೇವಮ್ಮ. ಅದನ್ನೇ ಬರೆಯೋಣ ಎಂದಳು ಕಾವ್ಯಶ್ರೀ. ಒಂದು ಮಾತು ಮಾತ್ರ ಬೆಣ್ಣೆ ಹಚ್ಚದೆ ಹೇಳಿದಳು. ಇವತ್ತು ಸಂಜೆಗೆ ನಿಮ್ಮ ಹೆಸರು ನಂಜುಂಡಸ್ವಾಮಿಗೆ ಗೊತ್ತಾಗುತ್ತದೆ. ಹುಡುಗ ಸಿಕ್ಕದಿದ್ದರೆ ನೀವು ಸುಳ್ಳು ಹೇಳಿದವರಾಗುತ್ತೀರಿ, ಅದೇ ಊರಲ್ಲಿ, ಅದೇ ಠಾಣೆಯ ಎದುರಿಗೆ ಇರಬೇಕು.

ಮಹದೇವಮ್ಮ ಮಗಳಿಗೆ ಫೋನು ಮಾಡಲೆಂದು ತೆಗೆದಳು. ಬೆರಳು ಹೆಸರಿನ ಮೇಲೆ ನಿಂತಿತು. ಅಮ್ಮ, ಬೇಡ ಎಂದು ಮಗಳು ಅಂದುಬಿಟ್ಟರೆ? ಅಂದರೆ ಹಾಗೇ ವಾಪಸ್ ಬಸ್ಸು ಹತ್ತುತ್ತೇನೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಫೋನನ್ನು ಬ್ಲೌಸಿನೊಳಗೆ ಸಿಕ್ಕಿಸಿಕೊಂಡು, ಎಲ್ಲಿ ಸಹಿ ಹಾಕಲಿ ಎಂದಳು.

ಮೂರು ಗಂಟೆಗೆ ಅರ್ಜಿ ಜಡ್ಜ್ ಮುಂದೆ ಬಂತು. ಉಡುಪಿ ಕಡೆಯವರು, ಮೂವತ್ತೈದರ ಹೆಂಗಸು, ಬಂದು ಮೂರು ತಿಂಗಳಾಗಿತ್ತು. ಓದಿದರು, ಮತ್ತೆ ಓದಿದರು. ಮಹದೇವಮ್ಮ ಕಟಕಟೆ ಹತ್ತಿದಳು. ಹಿಂದಿನ ಬೆಂಚಿನಲ್ಲಿ ಕುಳ್ಳಮ್ಮ. ಬಾಗಿಲ ಹತ್ತಿರ ಗೋಡೆಗೆ ಒರಗಿ, ಬಿದಿರುಕಟ್ಟೆ ಠಾಣೆಯಿಂದ ಕೋರ್ಟ್ ಕೆಲಸಕ್ಕೆಂದು ಬರುವ ಪೇದೆ ಬಸವರಾಜು. ಅವನು ದಿನಾ ಅವಳ ಕೈಯ ಊಟ ಉಂಡವನು. ಈಗ ಅವಳನ್ನು ಎಂದೂ ಕಂಡಿಲ್ಲದವನ ಹಾಗೆ ದಿಟ್ಟಿಸುತ್ತಿದ್ದ.

ಯಾವಾಗಿನಿಂದ ಊಟ ಹೋಗುತ್ತಿದೆ ಎಂದು ಜಡ್ಜ್ ಕೇಳಿದರು. ಶನಿವಾರದಿಂದ ಎಂದಳು. ಹಿಂದಿನ ಬೆಂಚಿನ ಕಡೆ ತಿರುಗಿ ನೋಡಲಿಲ್ಲ. ಅದು ಠಾಣೆಯ ಸಿಬ್ಬಂದಿಗೇ ಇರಬಹುದಲ್ಲ ಎಂದರು. ಸಿಬ್ಬಂದಿ ಮೆಸ್ಸಿಗೇ ಬಂದು ಉಣ್ಣುತ್ತಾರೆ, ಡಬ್ಬಿ ಹೋಗುವುದು ಲಾಕಪ್ಪಿಗೆ ಮಾತ್ರ ಎಂದಳು. ಜಡ್ಜ್ ಕಾಗದದ ಮೇಲೆ ಬೆರಳಿಟ್ಟರು.

"ಇಲ್ಲಿ ಚಮಚದ ವಿಷಯ ಬರೆದಿದ್ದೀರಿ. ಊಟಕ್ಕೆ ಚಮಚ ಕೇಳಿದ್ರಲ್ಲಿ ಏನುಂಟು? ನನಗೆ ಅರ್ಥ ಆಗ್ಲಿಲ್ಲ."

ಮಹದೇವಮ್ಮ ಬಾಯಿ ತೆರೆದಳು. ಇಡೀ ಸೀಮೆಗೆ ಗೊತ್ತಿರುವುದನ್ನು ಬಿಡಿಸಿ ಹೇಳುವುದು ಹೇಗೆಂದೇ ತಿಳಿಯಲಿಲ್ಲ. ಕೊನೆಗೆ ಬಲಗೈ ಎತ್ತಿ, ಗಾಳಿಯಲ್ಲಿ ಮುದ್ದೆ ಮುರಿದು, ಉಂಡೆ ಮಾಡಿ, ಅದ್ದಿ, ಬಾಯಿಗಿಟ್ಟುಕೊಂಡು ತೋರಿಸಿದಳು. ವಕೀಲರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ಅತ್ತ ನೋಡದೆ ಹೇಳಿದಳು.

"ಇಂಗೆ ಉಣ್ಣದು ಸ್ವಾಮಿ. ನಮ್ ಕಡೆ ಯಾರೂ ಚಮಚ ಮುಟ್ಟಕಿಲ್ಲ. ಕೇಳವ್ನೆ ಅಂದ್ರೆ ಅವ್ನ ಕೈ ಎಲ್ಡೂ ಓಗವೆ. ಇವತ್ತು ಗಂಜಿ ಇಸ್ಕೊಂಡೋದ್ರು. ನುಂಗಕೂ ಆಯ್ತಿಲ್ಲ ಅಂತ."

ಜಡ್ಜ್ ಬೆಂಚ್ ಕ್ಲರ್ಕ್ ಉಮಾಶಂಕರನ ಮುಖ ನೋಡಿದರು. ಕೆ.ಆರ್. ನಗರದವನು, ಇಪ್ಪತ್ತು ವರ್ಷದಿಂದ ಆ ಕುರ್ಚಿಯಲ್ಲಿ ಕೂತು ಯಾವ ಕೇಸಿಗೂ ಹುಬ್ಬು ಏರಿಸದವನು. ಅವನು ಬರೆಯುವುದನ್ನು ನಿಲ್ಲಿಸಿದ್ದ. ನಿಜ ಮೇಡಂ, ಬೇರೆ ಅರ್ಥವೇ ಇಲ್ಲ ಎಂದು ಮೆತ್ತಗೆ ಹೇಳಿದ.

ಅಷ್ಟರಲ್ಲಿ ಬಾಗಿಲ ಹತ್ತಿರದ ಗೋಡೆ ಖಾಲಿಯಾಗಿತ್ತು. ಬಸವರಾಜು ಹೊರಗಿನ ಬೇವಿನಮರದ ಕೆಳಗೆ ಕಿವಿಗೆ ಫೋನ್ ಒತ್ತಿಕೊಂಡು ಓಡಾಡುತ್ತಿದ್ದ. ಕಾವ್ಯಶ್ರೀ ಕಿಟಕಿಯಿಂದ ಕಂಡು ಜಡ್ಜ್ ಗಮನಕ್ಕೆ ತಂದಳು. ಜಡ್ಜ್ ಎದ್ದೇಬಿಟ್ಟರು. ಕಾರು ತೆಗೆಯಲು ಹೇಳಿ, ನಾನೇ ಬರ್ತೇನೆ ಎಂದರು.

ಹುಣಸೂರಿನಿಂದ ಬಿದಿರುಕಟ್ಟೆಗೆ ಮುಕ್ಕಾಲು ಗಂಟೆಯ ದಾರಿ. ಮುಂದೆ ಜಡ್ಜ್ ಮತ್ತು ಉಮಾಶಂಕರ ಕೂತ ಕಾರು, ಹಿಂದೆ ಕಾವ್ಯಶ್ರೀಯ ಹಳೆಯ ಕಾರಿನಲ್ಲಿ ಹೆಂಗಸರಿಬ್ಬರು. ಅರ್ಧ ದಾರಿಯಲ್ಲಿ ಹೊಗೆಸೊಪ್ಪಿನ ಬೇಲು ಹೇರಿದ ಟ್ರಾಕ್ಟರೊಂದು ರಸ್ತೆ ತುಂಬ ತೂಗಾಡುತ್ತ ದಾರಿಯೇ ಬಿಡಲಿಲ್ಲ. ಹಾರ್ನು ಹೊಡೆದಷ್ಟೂ ಅವನು ನಿಧಾನ. ಫೋನು ಹೋಗಿ ಎಷ್ಟು ಹೊತ್ತಾಯಿತು, ಅಷ್ಟು ಹೊತ್ತಿನಲ್ಲಿ ಒಬ್ಬ ಮನುಷ್ಯನನ್ನು ಎಲ್ಲಿಗೆ ಸಾಗಿಸಬಹುದು ಎಂದು ಮಹದೇವಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು. ಠಾಣೆಯಿಂದ ಕಾಡಿಗೆ ಎರಡೇ ಮೈಲಿ. ಕುಳ್ಳಮ್ಮ ಪಕ್ಕದಲ್ಲಿ ಕೂತು ಹೊರಗೆ ನೋಡುತ್ತಿದ್ದಳು. ಈಗ ಅವಳು ಸೆರಗು ಹಿಡಿದಿರಲಿಲ್ಲ.

ಠಾಣೆಯ ಬಾಗಿಲಲ್ಲೇ ನಂಜುಂಡಸ್ವಾಮಿ ಸೆಲ್ಯೂಟ್ ಹೊಡೆದು ಬರಮಾಡಿಕೊಂಡ. ಇಸ್ತ್ರಿ ಕೆಡದ ಯೂನಿಫಾರ್ಮು, ಮುಖದಲ್ಲಿ ಅದೇ ನಗು. ಲಾಕಪ್ಪಿನ ಬಾಗಿಲು ಹಾರು ಹೊಡೆದು ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ. ಆಗಷ್ಟೇ ತೊಳೆದ ನೆಲ ಇನ್ನೂ ಒದ್ದೆಯಾಗಿತ್ತು, ಫಿನಾಯಿಲ್ ವಾಸನೆಗೆ ಮೂಗು ಉರಿಯುತ್ತಿತ್ತು. ದಫ್ತರದಲ್ಲಿ ನಾಲ್ಕು ದಿನದಿಂದ ಯಾರ ಹೆಸರೂ ಇಲ್ಲ. ಕ್ಯಾಮೆರಾ ದೀಪಾವಳಿಯಿಂದ ರಿಪೇರಿಗೆ ಕಾಯುತ್ತಿದೆಯಂತೆ. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಎಲ್ಲಕ್ಕೂ ಉತ್ತರವಿತ್ತು.

ಹಾಗಾದರೆ ಡಬ್ಬಿ ಯಾರಿಗೆ ಎಂದರು ಜಡ್ಜ್. ನಮ್ಮ ಸೆಂಟ್ರಿಗೆ ಮೇಡಂ, ಪಹರೆ ಬಿಟ್ಟು ಅಲ್ಲೇ ಕೂತು ಉಣ್ಣುವಂತಿಲ್ಲವಲ್ಲ, ಓಡಿಹೋಗಿ ಡಬ್ಬಿ ತಂದುಕೊಳ್ಳುತ್ತಾನೆ, ಹೊಟ್ಟೆ ಕೆಟ್ಟಿತ್ತು, ಅದಕ್ಕೇ ಇವತ್ತು ಗಂಜಿ ಎಂದ. ಚಮಚ? ಅವನು ಸ್ವಲ್ಪ ಶೋಕಿ ಮನುಷ್ಯ ಮೇಡಂ ಎಂದು ನಕ್ಕು, ಬೆರಳು ತೋರಿಸಿ, ಇವನೇ ಎಂದ. ಬೆರಳಿನ ತುದಿಗೆ ಶಿವಕುಮಾರ ನಿಂತಿದ್ದ.

ಗಂಜಿ ಕುಡಿದದ್ದು ನೀವಾ ಎಂದು ಜಡ್ಜ್ ಕೇಳಿದರು. ಶಿವಕುಮಾರ ನೆಲ ನೋಡುತ್ತ, ಹೌದು ಮೇಡಂ ಎಂದ.

ಮುಗಿಯಿತು. ಜಡ್ಜ್ ಕಾಗದ ತೆಗೆದು ಬರೆಯಲು ಶುರುಮಾಡಿದರು. ಕಾವ್ಯಶ್ರೀ ಠಾಣೆಯೆಲ್ಲ ಹುಡುಕಿಸಬೇಕೆಂದು ಕೇಳುತ್ತಿದ್ದಳು, ಸಾಹೇಬ ಧಾರಾಳವಾಗಿ ಹುಡುಕಿ ಎನ್ನುತ್ತಿದ್ದ, ಹಾಗೆನ್ನುತ್ತಲೇ ಮಹದೇವಮ್ಮನ ಕಡೆ ಒಂದು ಸಲ ನೋಡಿದ. ಆ ನೋಟದಲ್ಲಿ ಪವಿತ್ರಳ ಕಾಗದವಿತ್ತು, ಮೆಸ್ಸಿನ ಶೀಟಿತ್ತು, ಇನ್ನು ಮುಂದಿನ ಒಂದೊಂದು ದಿನವೂ ಇತ್ತು. ಮಹದೇವಮ್ಮನಿಗೆ ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಅವಳ ಕಣ್ಣು ಶಿವಕುಮಾರನ ಮೇಲಿತ್ತು. ನಾಲ್ಕು ವರ್ಷದಿಂದ ಲಾಕಪ್ಪಿಗೆ ಡಬ್ಬಿ ಒಯ್ದವನು, ಪ್ರತಿಸಲ ಡಬ್ಬಿ ವಾಪಸ್ ತಂದುಕೊಟ್ಟವನು. ತಂದಾಗಲೆಲ್ಲ ಅವಳು ಒಂದೇ ಮಾತು ಕೇಳುತ್ತಿದ್ದಳು, ಕಳ್ಳನಿರಲಿ ಕುಡುಕನಿರಲಿ, ಉಂಡನಾ ಅಂತ. ಅಡುಗೆ ಮಾಡಿದವಳಿಗೆ ಅದು ಬೇಕಲ್ಲ. ಅವನೂ ಪ್ರತಿಸಲ ಹೇಳುತ್ತಿದ್ದ, ಪೂರ್ತಿ ಉಂಡ, ಇಲ್ಲವೇ ಸಾರು ಖಾರ ಅಂದ, ಇಲ್ಲವೇ ಮುಟ್ಟಲಿಲ್ಲ ಎಂದು. ಇವತ್ತು ಡಬ್ಬಿ ವಾಪಸ್ ಬಂದಿರಲಿಲ್ಲ. ಯಾರ ಅಪ್ಪಣೆಯನ್ನೂ ಕೇಳದೆ, ಇದು ಠಾಣೆ, ಇಲ್ಲಿ ಜಡ್ಜ್ ಇದ್ದಾರೆ ಎಂಬುದೆಲ್ಲ ಮರೆತವಳ ಹಾಗೆ, ಅವಳು ಮೆಸ್ಸಿನಲ್ಲಿ ಕೇಳುವ ದನಿಯಲ್ಲೇ ಕೇಳಿದಳು.

"ಶಿವು, ಗಂಜಿ ಕುಡುದ್ನೇನಪ್ಪ?"

"ಅರ್ಧ ಕುಡ್ದ ಅಕ್ಕ. ನುಂಗಕಾಗ್ನಿಲ್ಲ."

ಬಾಯಿ ತಪ್ಪಿ ಬಂತೋ, ಮೂರು ದಿನದಿಂದ ಯಾರಾದರೂ ಕೇಳಲಿ ಎಂದು ಕಾದಿದ್ದನೋ, ಅದು ಶಿವಕುಮಾರನಿಗೇ ಗೊತ್ತಿರಬೇಕು. ನಂಜುಂಡಸ್ವಾಮಿಯ ಮುಖದ ನಗು ಹಾಗೇ ಇತ್ತು, ಆದರೆ ತೆಗೆಯುವುದು ಮರೆತುಹೋದ ನಗು. ಜಡ್ಜ್ ಪೆನ್ನಿಗೆ ಮುಚ್ಚಳ ಹಾಕಿದರು.

"ಅರ್ಧ ಕುಡಿದವರು ಯಾರು?"

ಶಿವಕುಮಾರ ಟೋಪಿ ತೆಗೆದು ಮೇಜಿನ ಮೇಲಿಟ್ಟ. ತಲೆ ಎತ್ತಿದಾಗ ಅವನ ಕೆನ್ನೆ ಒದ್ದೆಯಾಗಿತ್ತು.

"ಹಿಂದ್ಗಡೆ ಹಳೇ ಕ್ವಾರ್ಟರ್ಸ್‌ಲ್ಲವ್ನೆ ಮೇಡಂ. ಬೀಗದ ಕೈ ಸಾಹೇಬ್ರ ಜೇಬಲ್ಲದೆ."

ಹಳೆಯ ಕ್ವಾರ್ಟರ್ಸ್ ಎಂದರೆ ಲಂಟಾನ ಪೊದೆಯ ನಡುವೆ ಹೆಂಚು ಕುಸಿದ ಎರಡು ಕೋಣೆ. ಬಾಗಿಲು ತೆಗೆದಾಗ ಮೊದಲು ವಾಸನೆ ಬಂತು. ಚೆನ್ನ ಗೋಡೆಯ ಮೂಲೆಯಲ್ಲಿ ಮುದುಡಿ ಬಿದ್ದಿದ್ದ. ಇಪ್ಪತ್ತೆರಡರ ಹುಡುಗ, ದವಡೆ ಊದಿ ಮುಖ ಒಂದೇ ಕಡೆಗೆ ಎಳೆದುಕೊಂಡಿತ್ತು. ಕಿಟಕಿಯ ಸರಳಿಗೆ ಕೈ ಕಟ್ಟಿ ತೂಗಿಸಿದ್ದ ಹಗ್ಗವನ್ನು ಬಿಚ್ಚಿದ್ದರು, ಆದರೆ ಅದರ ಗುರುತು ಮಣಿಕಟ್ಟಿನೊಳಗೆ ಇಳಿದಿತ್ತು. ಎರಡು ಕೈಯೂ ಊದಿಕೊಂಡು, ಬಲಗೈಯ ಬೆರಳುಗಳು ಕಪ್ಪಗಾಗಿದ್ದವು. ಉಮಾಶಂಕರ ನೋಡಲಾರದೆ ಹೊರಗೆ ಹೋಗಿ ನಿಂತ. ಕುಳ್ಳಮ್ಮ ಕಿರುಚಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಮಗನ ಪಕ್ಕದಲ್ಲಿ ಕೂತು, ಅವನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ತಮ್ಮ ಮಾತಿನಲ್ಲಿ ಏನೋ ಹೇಳತೊಡಗಿದಳು. ಅವನು ಕಣ್ಣು ಬಿಟ್ಟ. ಬದುಕಿದ್ದ.

ಆಮೇಲಿನದು ಪೇಪರಿನಲ್ಲಿ ಬಂದದ್ದೇ. ನಂಜುಂಡಸ್ವಾಮಿ, ರೈಟರ್ ಇಬ್ಬರೂ ಸಸ್ಪೆಂಡ್ ಆದರು, ಕೇಸಾಯಿತು. ಶಿವಕುಮಾರನೂ ಸಸ್ಪೆಂಡ್ ಆದ. ಸಾಕ್ಷಿ ಹೇಳುತ್ತೇನೆ ಎಂದು ಬರೆದುಕೊಟ್ಟ. ಗುರುಮಲ್ಲಪ್ಪನ ಮೋಟರುಗಳು ಸಿಕ್ಕಲಿಲ್ಲ, ಅವನು ಬೇರೆ ಎರಡು ಕೊಂಡ. ಪವಿತ್ರಳ ಕಾಗದ ಆ ಮೇಜಿನ ಮೇಲಿಂದ ಎಲ್ಲಿಗೆ ಹೋಯಿತೋ ಹೊಸ ಸಾಹೇಬನಿಗೂ ತಿಳಿಯದು, ಇನ್ನೊಮ್ಮೆ ತರಿಸಬೇಕಂತೆ, ಹೊತ್ತಾಗುತ್ತದಂತೆ. ಪವಿತ್ರ ಎರಡು ದಿನ ತಾಯಿಯ ಹತ್ತಿರ ಮಾತು ಬಿಟ್ಟಳು. ಮೂರನೆಯ ದಿನ ತಾನೇ ಬೇಗ ಎದ್ದು ಚೆನ್ನನಿದ್ದ ಆಸ್ಪತ್ರೆಗೆ ಡಬ್ಬಿ ಕಟ್ಟಿಕೊಟ್ಟಳು. ಪೇಪರಿನವರು ಬಂದು ಮಹದೇವಮ್ಮನ ಫೋಟೋ ತೆಗೆದು, ಧೀರ ಮಹಿಳೆ ಎಂದು ಹಾಕಿದರು. ಮೆಸ್ಸಿಗೆ ಬಂದವರು ಅದನ್ನು ಗೋಡೆಗೆ ಅಂಟಿಸಲು ನೋಡಿದಾಗ ಅವಳು ಕಿತ್ತುಕೊಂಡು ಒಲೆಗೆ ಹಾಕಿದಳು. ನಾಚಿಕೆ ಎಂದುಕೊಂಡರು ಎಲ್ಲ.

ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಚೆನ್ನನ ಬಲಗೈಯ ಮೂರು ಬೆರಳು ತೆಗೆದರು. ಮಹದೇವಮ್ಮ ದಿನಾ ಮೊದಲ ಬಸ್ಸಿಗೆ ಡಬ್ಬಿ ತೆಗೆದುಕೊಂಡು ಹೋಗುತ್ತಿದ್ದಳು. ಎಂಟನೆಯ ದಿನ ಅವಳು ಹೋದಾಗ ಡಾಕ್ಟರು ಹಾಸಿಗೆಯ ಹತ್ತಿರ ನಿಂತು ಕುಳ್ಳಮ್ಮನಿಗೆ ಹೇಳುತ್ತಿದ್ದರು. ರಕ್ತ ಓಡಾಡದೆ ಬೆರಳು ಸತ್ತಿದ್ದವು, ಭಾನುವಾರದೊಳಗೆ ತಂದಿದ್ದರೆ ಕೈ ಪೂರ್ತಿ ಉಳಿಯುತ್ತಿತ್ತು ಎಂದು ಹೇಳಿ ಮುಂದಿನ ಹಾಸಿಗೆಗೆ ಹೋದರು. ಮಹದೇವಮ್ಮ ಬಾಗಿಲಲ್ಲೇ ನಿಂತಳು. ಕುಳ್ಳಮ್ಮ ಅವಳನ್ನು ನೋಡಿ, ಬಾ ಎಂದು ಕರೆದಳು. ಡಬ್ಬಿ ಇಸಿದುಕೊಂಡು, ಮುಚ್ಚಳ ತೆಗೆದು, ಮುದ್ದೆ ಇನ್ನೂ ಬಿಸಿಯಿದೆಯೇ ಎಂದು ಬೆರಳಿಟ್ಟು ನೋಡಿದಳು.

"ಅಕ್ಕ, ಸನಿವಾರ ನಾನು ನೀರು ಕೇಳ್ದಾಗ್ಲೇ ನಿಂಗೆ ಗೊತ್ತಿತ್ತಾ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು, ಕಾಲಿಗೆ ಬೀಳಬಹುದಿತ್ತು. ಮಗಳ ಕಾಗದ, ಮೆಸ್ಸಿನ ಜಾಗ, ಸಾಹೇಬನ ಹೆದರಿಕೆ ಎಲ್ಲ ಮಹದೇವಮ್ಮನ ಬಾಯಿಗೆ ಬಂದವು. ಒಂದನ್ನೂ ಹೇಳಲಾಗಲಿಲ್ಲ.

"ಗೊತ್ತಿತ್ತು ಕಣವ್ವ."

ಕುಳ್ಳಮ್ಮ ತಲೆಯಾಡಿಸಿದಳು. ಮುದ್ದೆ ಮುರಿದು, ಚಿಕ್ಕ ಉಂಡೆ ಮಾಡಿ, ಸಾರಿಗೆ ಅದ್ದಿ ಮಗನ ಬಾಯಿಗಿಟ್ಟಳು. ಅವನು ಕಷ್ಟಪಟ್ಟು ನುಂಗಿದ. ಅದು ಗಂಟಲಲ್ಲಿ ಇಳಿಯುವುದನ್ನು ನೋಡಿಕೊಂಡು ಇನ್ನೊಂದು ಮುರಿದಳು.

"ನಾಳಿಂದ ತರಬ್ಯಾಡ ಅಕ್ಕ," ಎಂದಳು. "ಇಲ್ಲೇ ಕೊಟ್ಟಾರು."

ಮಹದೇವಮ್ಮ ಆಗಲಿ ಎಂದಳು. ಡಬ್ಬಿ ವಾಪಸ್ ಒಯ್ಯಬೇಕಿತ್ತಾದ್ದರಿಂದ, ಅವನು ಉಂಡು ಮುಗಿಸುವವರೆಗೆ ಹಾಸಿಗೆಯ ಕಾಲ ಕಡೆ ನಿಂತೇ ಇದ್ದಳು.